ನಲವತ್ತೇಳನೇ ಹಾಳೆ

ಕಂತು ೭

“ನಿಮ್ಮ ಹತ್ರ ಮಾತಾಡೋಕೆ ನನಗೇನೂ ಇಲ್ಲ. ನಿಮ್ಮ ರಿಪೋರ್ಟೇ ಮಾತಾಡ್ತಿದೆಯಲ್ಲ, ಸಾಲದಾ?”

ಹುಡುಗಿ ಇಷ್ಟು ಹೇಳಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಹದಿನೇಳು ವರ್ಷ, ಹನ್ನೆರಡನೇ ತರಗತಿ. ತರ್ಕದ ಮೇಷ್ಟ್ರು ಇವಳನ್ನು ಮೊಂಡಿ ಎಂದು ಕರೆಯುತ್ತಿದ್ದರಂತೆ. ಹೆಸರಿಡುವುದರಲ್ಲಿ ಮೇಷ್ಟ್ರು ತಪ್ಪು ಮಾಡಿರಲಿಲ್ಲ.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಂಗಳವಾರ ಶಾಲೆ ಬಿಡುವ ಹೊತ್ತಿಗೆ ಮೇಷ್ಟ್ರು ಹಿಂಭಾಗದ ಮೆಟ್ಟಿಲಿನಿಂದ ಬಿದ್ದು ತಲೆ ಒಡೆದುಕೊಂಡಿದ್ದರು. ಅದೇ ಸಂಜೆ ಇವಳ ಚೀಲದಲ್ಲಿ ಅವರಿಗೆ ಒಡ್ಡಿದ ಬೆದರಿಕೆಯ ಹಾಳೆ ಸಿಕ್ಕಿತ್ತು. ಆ ಹಾಳೆ ನಿಸ್ಸಂದೇಹವಾಗಿ ಇವಳದೇ ಕೈಬರಹ ಎಂದು ನಿನ್ನೆ ಸಂಜೆ ಸಹಿ ಹಾಕಿ ಕೊಟ್ಟವಳು ನಾನು. ಮೂವತ್ತೊಂದು ವರ್ಷ ಕಂಡವರ ಅಕ್ಷರ ನೋಡಿ ಕಣ್ಣು ಸವೆಸಿದವಳು. ನನ್ನ ಮಾತನ್ನು ತಳ್ಳಿಹಾಕುವವರು ಇಲ್ಲ.

ಇವತ್ತು ನಾಲ್ಕು ಗಂಟೆಗೆ ಶಿಸ್ತು ಸಮಿತಿ. ನನ್ನ ಒಂದು ಪುಟದ ವರದಿಯ ಬಲದ ಮೇಲೆ ಇವಳ ಹೆಸರು ಹೊಡೆದುಹಾಕಿ ಪೊಲೀಸರಿಗೆ ಒಪ್ಪಿಸುತ್ತಾರೆ. ಪರೀಕ್ಷೆಗೆ ಐದು ವಾರ ಉಳಿದಿತ್ತು. ಗಡಿಯಾರದಲ್ಲಿ ಎರಡೂವರೆ.

ಹಾಗಾದರೆ ನಾನು ಮತ್ತೆ ಯಾಕೆ ಬಂದೆ? ಬೆಳಿಗ್ಗೆಯಿಂದ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಂದೇ ಕಿರಿಕಿರಿ. ಆ ಹಾಳೆಯಲ್ಲಿ ‘ನಮ್ಮ ಮಕ್ಕಳ ಭವಿಷ್ಯ’ ಎಂದು ಬರೆದಿತ್ತು. ಹದಿನೇಳರ ಹುಡುಗಿ ತನ್ನ ಜೊತೆ ಕೂರುವವರನ್ನು ನಮ್ಮ ಮಕ್ಕಳು ಎನ್ನುತ್ತಾಳೆಯೇ? ನಿನ್ನೆ ನಾನು ಅಕ್ಷರದ ಬಾಲ, ಕೊಂಬು, ಓರೆ ಎಲ್ಲ ಅಳೆದಿದ್ದೆ. ಓದಿರಲಿಲ್ಲ. ನಾಚಿಕೆಯಾಗುವ ಸಂಗತಿ, ಆದರೂ ಹೇಳಿಬಿಡುತ್ತೇನೆ.

“ಹಾಳೆ ನೀನು ಬರೆದಿದ್ದು ಹೌದಾ?”

“ಅಕ್ಷರ ನಂದು.”

“ಯೋಚನೆ?”

ಅವಳು ಥಟ್ಟನೆ ನನ್ನತ್ತ ತಿರುಗಿದಳು. ಕಣ್ಣಲ್ಲಿ ಕೆಂಡ.

“ಆ ಪ್ರಶ್ನೆ ನಿನ್ನೆ ಕೇಳಬೇಕಿತ್ತು. ಅಕ್ಷರ ಇವಳದು, ಆದ್ದರಿಂದ ಬೆದರಿಕೆ ಇವಳದು, ಆದ್ದರಿಂದ ತಳ್ಳಿದ್ದೂ ಇವಳೇ. ಒಂದರಿಂದ ಇನ್ನೊಂದಕ್ಕೆ ಆಧಾರವೇ ಇಲ್ಲ, ಸುಮ್ನೆ ಹಾರ್ಕೊಂಡು ಹೋಗಿದ್ದೀರಿ. ನಮ್ಮ ಕ್ಲಾಸಲ್ಲಾಗಿದ್ರೆ ನಿಮಗೆ ಹತ್ತಕ್ಕೆ ಎರಡು.”

“ಆ ಎರಡು ಯಾತಕ್ಕೆ?”

“ಬರವಣಿಗೆ ನೀಟಾಗಿದೆ ಅಂತ.”

ಮೈಯೆಲ್ಲ ಉರಿಯಿತು. ನ್ಯಾಯಾಧೀಶರ ಎದುರು ವಕೀಲರು ಕೂಡ ನನ್ನನ್ನು ಹೀಗೆ ತೊಳೆದಿರಲಿಲ್ಲ. ಉರಿದದ್ದು ಅವಳ ಮಾತು ಸರಿ ಇತ್ತು ಎಂಬ ಕಾರಣಕ್ಕೇ.

ನಾವು ಕೂತದ್ದು ತರ್ಕದ ಕ್ಲಾಸಿನಲ್ಲಿ. ಮಹಡಿಯ ಕೊನೆಯ ಕೋಣೆ. ಇಲ್ಲಿ ಬೆಂಚುಗಳು ಸಾಲಾಗಿಲ್ಲ, ಕುರ್ಚಿಗಳನ್ನು ಸುತ್ತಲೂ ಹಾಕಿದ್ದಾರೆ, ಯಾರೂ ಹಿಂದೆ ಕೂತು ನಿದ್ದೆ ಹೊಡೆಯುವಂತಿಲ್ಲ. ಬೋರ್ಡಿನ ಮೇಲೆ ಮಂಗಳವಾರದ ಪ್ರಶ್ನೆ ಹಾಗೇ ಇತ್ತು: ‘ಇದು ನಿಜವಾದರೆ, ಇನ್ನೇನೇನು ನಿಜವಾಗಬೇಕು?’ ಅಳಿಸಲು ಯಾರಿಗೂ ಕೈ ಬಂದಿಲ್ಲ. ಗೋಡೆಯ ಕಪಾಟಿನಲ್ಲಿ ಮಕ್ಕಳ ಫೈಲುಗಳು, ಎರಡು ತೂತಿನ ಹಾಳೆಗಳನ್ನು ದಾರದಿಂದ ಕಟ್ಟಿದವು. ಅವಳದನ್ನು ಎಳೆದುಕೊಂಡೆ.

“ಅದನ್ನ ಮುಟ್ಟಬೇಡಿ.”

“ಪ್ರಿನ್ಸಿಪಾಲರು ಮುಟ್ಟಿದಾಗ ಸುಮ್ಮನಿದ್ದೆಯಲ್ಲ.”

“ಅವರು ಓದಲ್ಲ. ನೀವು ಓದ್ತೀರಿ.”

ಓದಿದೆ. ಮೊದಲ ಹಾಳೆಯಲ್ಲಿ ಮೇಷ್ಟ್ರ ನೆಟ್ಟನೆಯ ಅಕ್ಷರ:

‘ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಬರೆಯಲು ಬಾರದವರು ಅದನ್ನು ಖಂಡಿಸಬಾರದು. ಬರೆದು, ಅವನ ಮುಂದಿಟ್ಟು, ಹೌದು, ನನ್ನ ಮಾತು ಇದೇ ಎಂದು ಅವನಿಂದಲೇ ಸಹಿ ಹಾಕಿಸಬೇಕು. ಸಹಿ ಇಲ್ಲದ ಹಾಳೆಗೆ ಅಂಕವಿಲ್ಲ. ಒಮ್ಮೆ ಬರೆದ ವಾದವನ್ನು ಹಿಂದಕ್ಕೆ ಪಡೆಯಬಹುದು, ಹರಿದು ಹಾಕುವಂತಿಲ್ಲ.’

ಹಾಳೆ ತಿರುವಿದೆ. ಹನ್ನೆರಡನೆಯದರಲ್ಲಿ ‘ಹೆಣ್ಣುಮಕ್ಕಳಿಗೆ ಹೆಚ್ಚು ಓದು ಬೇಡ’ ಎಂದು ಎಷ್ಟು ಚೆನ್ನಾಗಿ ವಾದಿಸಿದ್ದಳೆಂದರೆ ನನಗೇ ಒಂದು ಗಳಿಗೆ ಹೌದೇನೋ ಅನ್ನಿಸಿತು. ಕೆಳಗೆ ಅವಳ ಸೋದರಮಾವನ ಸಹಿ. ಮೂವತ್ತೊಂದನೆಯದರಲ್ಲಿ ‘ನಕಲು ಹೊಡೆಯುವುದು ತಪ್ಪಲ್ಲ’, ಕೆಳಗೆ ಯಾವನೋ ಸಹಪಾಠಿಯ ಗೀಚು. ಎಲ್ಲವೂ ಇವಳ ಅಕ್ಷರ. ಒಂದೂ ಇವಳ ಅಭಿಪ್ರಾಯವಲ್ಲ.

ಇನ್ನೂ ಬೇಗ ಬೇಗ ಹಾಳೆ ತಿರುವಿದೆ.

ಮೂವತ್ತೊಂಬತ್ತನೇ ಹಾಳೆ ಬೇರೆ ಥರ. ಅಭ್ಯಾಸದ ಪ್ರಶ್ನೆ: ‘ಈ ಅಂಕಿ ಏನನ್ನು ಮುಚ್ಚಿಡುತ್ತಿದೆ?’ ಅಂಕಿ ಈ ಶಾಲೆಯದೇ, ನೂರಕ್ಕೆ ನೂರು ಫಲಿತಾಂಶ. ಹುಡುಗಿ ಉತ್ತರ ಬರೆದಿದ್ದಳು. ಹೋದ ವರ್ಷ ತರಗತಿಯ ಫೋಟೋದಲ್ಲಿ ನಿಂತವರು ಐವತ್ತೆಂಟು. ಪರೀಕ್ಷೆಗೆ ಕೂತವರು ನಲವತ್ತೊಂದು. ಉಳಿದ ಹದಿನೇಳು ಮಕ್ಕಳನ್ನು ಪರೀಕ್ಷೆಗೆ ಮುಂಚೆ ಹೆದರಿಸಿ ಬಿಡಿಸಿ ಮನೆಗೆ ಕಳಿಸಿದ್ದರು. ಅಂಚಿನಲ್ಲಿ ಮೇಷ್ಟ್ರ ಟಿಪ್ಪಣಿ: ‘ಸರಿ. ಬುಧವಾರ ಪರೀಕ್ಷಾ ಮಂಡಳಿಗೆ ನಾನೇ ಹೋಗುತ್ತೇನೆ.’

ಮಂಗಳವಾರ ಅವರು ಬಿದ್ದರು. ಅಂಗಿಯ ಎರಡು ಗುಂಡಿ ಕಿತ್ತು ಮೇಲಿನ ಮೆಟ್ಟಿಲ ಮೇಲೆ, ಮೇಷ್ಟ್ರು ಹದಿನಾಲ್ಕು ಮೆಟ್ಟಿಲು ಕೆಳಗೆ. ಎದೆಗೆ ಕೈಹಾಕಿ ತಳ್ಳಿದ್ದಾರೆ ಎಂದು ಪೊಲೀಸರೂ ಒಪ್ಪಿದ್ದರು.

ನಲವತ್ತಾರರ ನಂತರ ಫೈಲಿನಲ್ಲಿ ನಲವತ್ತೆಂಟು. ನಡುವಿನದು ಪ್ರಿನ್ಸಿಪಾಲರ ಬೀರುವಿನಲ್ಲಿರುವ ‘ಬೆದರಿಕೆ’. ನನ್ನ ಟಿಪ್ಪಣಿ ಪುಸ್ತಕ ತೆಗೆದೆ. ನಿನ್ನೆ ನಾನೇ ಬರೆದುಕೊಂಡಿದ್ದೆ: ಹಾಳೆಯ ಉದ್ದ ಇಪ್ಪತ್ತೈದು ಸೆಂಟಿಮೀಟರ್ ಚಿಲ್ಲರೆ. ಅಳತೆಪಟ್ಟಿ ಇಟ್ಟು ಇಲ್ಲಿನ ಹಾಳೆ ಅಳೆದೆ. ಮೂವತ್ತಕ್ಕೆ ಚೂರು ಕಡಿಮೆ.

ಇನ್ನೊಂದೂ ಬರೆದಿದ್ದೆ: ‘ಕೆಳ ಅಂಚಿನಲ್ಲಿ ಸಾಸಿವೆಯಷ್ಟು ಕಡುನೀಲಿ ಶಾಯಿ. ಕಲೆ ಇರಬಹುದು.’ ಕಲೆಯಂತೆ! ಅದು ಯಾವುದೋ ಸಹಿಯ ನೆತ್ತಿ.

“ಕೆಳಗೆ ಸಹಿ ಇತ್ತು. ಅದನ್ನ ಕತ್ತರಿಸಿದ್ದಾರೆ. ಯಾರ ಸಹಿ ಅದು?” ಎಂದೆ.

ಹುಡುಗಿಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅವಳ ಕೈ ಸ್ಕರ್ಟಿನ ಅಂಚನ್ನು ಮುದುಡಿ ಹಿಡಿದುಕೊಂಡಿತು.

“ಮೇಡಂ, ನಿಮ್ಮ ರಿಪೋರ್ಟೇ ಸರಿ. ಬರೆದದ್ದೂ ನಾನೇ, ಯೋಚನೇನೂ ನಂದೇ. ನೀವು ಮನೆಗೆ ಹೋಗಿ.”

“ಈಗ ತಾನೇ ಹತ್ತಕ್ಕೆ ಎರಡು ಕೊಟ್ಟೆ.”

“ಹತ್ತಕ್ಕೆ ಹತ್ತು ತಗೊಳ್ಳಿ. ಹೋಗಿ ಅಂದೆನಲ್ಲ!”

ಈ ಹುಡುಗಿ ನನಗೆ ಹೆದರುವವಳಲ್ಲ, ಪ್ರಿನ್ಸಿಪಾಲರಿಗೂ ಅಲ್ಲ. ಆದರೆ ಆ ಸಹಿಗೆ ಹೆದರಿದ್ದಳು.

*

ಕೆಳಗೆ ಆಫೀಸಿನ ಹೊರಗಿನ ಬೆಂಚಿನಲ್ಲಿ ಅವಳ ತಾಯಿ ಕೂತಿದ್ದಳು. ಟೈಲರ್. ಈ ಶಾಲೆಯ ಸಮವಸ್ತ್ರಗಳೆಲ್ಲ ಅವಳ ಹೊಲಿಗೆಯೇ. ಕೊರಳಲ್ಲಿ ಅಳತೆಯ ಟೇಪು, ಕಾಲ ಬಳಿ ಬಟ್ಟೆಯ ಗಂಟು. ನನ್ನನ್ನು ಕಂಡದ್ದೇ ಎದ್ದು ನಿಂತಳು. ಗೌರವಕ್ಕಲ್ಲ.

“ಬಂದ್ರಾ? ನನ್ನ ಮಗಳ ಕತ್ತಿಗೆ ಹಗ್ಗ ಹೊಸೆದುಕೊಟ್ಟಿದ್ದಾಯ್ತು. ಗಂಟು ಬಿಗಿಯಾಗಿದೆಯಾ ಅಂತ ನೋಡೋಕೆ ಬಂದ್ರಾ?”

“ಅಮ್ಮ, ನಾನು—”

“ಅಮ್ಮ ಗಿಮ್ಮ ಅನ್ಬೇಡಿ. ನಿಮ್ಮ ಕೋಟಿನ ಎಡಗೈ ತೋಳು ಬಲಗೈಗಿಂತ ಒಂದು ಬೆರಳು ಉದ್ದ ಇದೆ. ದಿನಾ ಹಾಕ್ಕೋತೀರಿ, ಅದು ಕಾಣ್ಲಿಲ್ಲ. ನನ್ನ ಮಗಳ ತಪ್ಪು ಮಾತ್ರ ಒಂದೇ ದಿನದಲ್ಲಿ ಕಂಡುಬಿಡ್ತು ನಿಮಗೆ!”

ಅನಿಚ್ಛೆಯಿಂದಲೇ ತೋಳು ನೋಡಿಕೊಂಡೆ. ಉದ್ದವೇ ಇತ್ತು.

“ನಿಮ್ಮ ಮಗಳು ಯಾರಿಗಾದ್ರೂ ಹೆದರ್ತಾಳಾ?”

“ಹೆತ್ತ ನನಗೇ ಹೆದರಲ್ಲ, ಇನ್ಯಾರಿಗೆ? ಆ ಬೆದರಿಕೆ ಪತ್ರ ಒಂದು ಸಲ ತೋರಿಸಿ ಅಂತ ಮೂರು ದಿನದಿಂದ ಈ ಬೆಂಚು ಕಾಯ್ತಿದ್ದೀನಿ. ತನಿಖೆ ಗುಟ್ಟು ಅಂತಾರೆ. ಏನು ಬರೆದಿದ್ದಾಳಂತೆ? ಕೊಲ್ತೀನಿ ಅಂತಾನಾ? ಕೊಬ್ಬರಿ ಚಿಪ್ಪಿನ ಹಾಗೆ ಗಟ್ಟಿ ತಲೆ ಅವಳದು, ಒಪ್ಕೋತೀನಿ. ಆದ್ರೆ ಆ ಮೇಷ್ಟ್ರು ಅಂದ್ರೆ ಪ್ರಾಣ ಅವಳಿಗೆ. ಮನೇಲಿ ಅವರ ಹೆಸರು ಹೇಳದೆ ಅನ್ನ ಇಳಿಯಲ್ಲ.”

ತೋರಿಸಲು ಹಾಳೆ ನನ್ನ ಬಳಿ ಇರಲಿಲ್ಲ. ಇದ್ದಿದ್ದರೂ ತೋರಿಸುತ್ತಿರಲಿಲ್ಲ, ಮೂವತ್ತೊಂದು ವರ್ಷದ ಅಭ್ಯಾಸ. ಆಗಲೇ ತೋರಿಸಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಆ ಅರ್ಧ ಗಂಟೆಯನ್ನು ನೆನೆದರೆ ಈಗಲೂ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ.

*

ಪ್ರಿನ್ಸಿಪಾಲರ ಕೋಣೆಯಲ್ಲಿ ಇಬ್ಬರಿದ್ದರು. ಮೇಜಿನ ಹಿಂದೆ ಪ್ರಿನ್ಸಿಪಾಲರು, ಇಸ್ತ್ರಿ ಮಾಡಿದ ಮುಖದ ಮನುಷ್ಯ. ಪಕ್ಕದ ಸೋಫಾದಲ್ಲಿ ಶಾಲೆಯ ಅಧ್ಯಕ್ಷರು. ಅಧ್ಯಕ್ಷರನ್ನು ಎಲ್ಲರೂ ಡಾಕ್ಟರ್ ಎಂದೇ ಕರೆಯುವುದು; ಎರಡು ಬೀದಿ ಆಚೆ ಅವರದೇ ಆಸ್ಪತ್ರೆ. ಮೇಷ್ಟ್ರು ಪ್ರಜ್ಞೆಯಿಲ್ಲದೆ ಮಲಗಿರುವುದೂ ಅಲ್ಲೇ. ಹೆಂಡತಿ ಮಕ್ಕಳಿಲ್ಲದ ಮೇಷ್ಟ್ರ ಖರ್ಚನ್ನೆಲ್ಲ ಡಾಕ್ಟರೇ ಹೊತ್ತಿದ್ದರು. ನನ್ನನ್ನು ಈ ಕೆಲಸಕ್ಕೆ ಪತ್ರ ಬರೆದು ಕರೆಸಿದವರೂ ಅವರೇ.

“ಬನ್ನಿ, ಕೂತ್ಕೊಳ್ಳಿ. ಊಟ ಆಯ್ತಾ?” ಎಂದರು ಡಾಕ್ಟರ್. ಆ ಇಡೀ ಕಟ್ಟಡದಲ್ಲಿ ಅವತ್ತು ನನ್ನ ಜೊತೆ ಮನುಷ್ಯರ ಹಾಗೆ ಮಾತಾಡಿದವರು ಅವರೊಬ್ಬರೇ.

“ಹಾಳೆ ಇನ್ನೊಂದು ಸಲ ನೋಡಬೇಕು,” ಎಂದೆ.

“ಯಾಕೆ?” ಪ್ರಿನ್ಸಿಪಾಲರ ಹುಬ್ಬು ಗಂಟಾಯಿತು. “ನಿಮ್ಮ ವರದಿ ಬಂದಾಗಿದೆ. ಸಮಿತಿಯ ಇನ್ನಿಬ್ಬರು ದಾರಿಯಲ್ಲಿದ್ದಾರೆ.”

“ಕೊಡಿ ಅವರಿಗೆ. ನೋಡ್ಲಿ,” ಎಂದರು ಡಾಕ್ಟರ್.

ಪ್ರಿನ್ಸಿಪಾಲರು ಬೀರು ತೆರೆದು ಹಾಳೆಯನ್ನು ಮೇಜಿನ ಮೇಲೆ ಹಾಕಿದರು. ಈ ಸಲ ಓದಿದೆ.

‘ಮೇಷ್ಟ್ರು ಹೇಳುವುದು ನಿಜವೇ ಇರಬಹುದು. ಆದರೆ ಆ ನಿಜ ಹೊರಗೆ ಬಂದರೆ ಶಾಲೆಗೆ ಬೀಗ ಬೀಳುತ್ತದೆ. ಆರುನೂರು ಜನ ನಮ್ಮ ಮಕ್ಕಳ ಭವಿಷ್ಯ ಮಣ್ಣುಪಾಲಾಗುತ್ತದೆ. ಹೋದ ಹದಿನೇಳು ಮಕ್ಕಳು ಹೋದರು, ಅವರ ಹೆಸರಿನಲ್ಲಿ ಇದ್ದವರನ್ನೂ ಮುಳುಗಿಸಬೇಕೆ? ಒಬ್ಬ ಮನುಷ್ಯನ ನಿಜ ಆರುನೂರು ಬದುಕಿಗಿಂತ ದೊಡ್ಡದಲ್ಲ. ಬುಧವಾರ ಅವರು ಮಂಡಳಿಗೆ ಹೋಗಕೂಡದು. ಹೇಳಿದರೆ ಕೇಳದಿದ್ದರೆ ತಡೆಯಬೇಕು. ತಡೆಯುವುದು ತಪ್ಪಲ್ಲ, ಕರ್ತವ್ಯ.’

“ಇದು ಬೆದರಿಕೆ ಪತ್ರ ಅಲ್ಲ,” ಎಂದೆ. “ಮನೆಪಾಠ.”

ಪ್ರಿನ್ಸಿಪಾಲರು ನಕ್ಕರು. ನಾನು ನಗಲಿಲ್ಲ. ತರ್ಕದ ಕ್ಲಾಸಿನ ಪದ್ಧತಿ ಹೇಳಿದೆ, ಕಡಿಮೆ ಬಿದ್ದ ಉದ್ದ ತೋರಿಸಿದೆ, ಅಂಚಿನ ಕಡುನೀಲಿ ಚುಕ್ಕೆಯ ಮೇಲೆ ಬೆರಳಿಟ್ಟೆ. “ವಾದ ಹುಡುಗಿಯದಲ್ಲ. ವಾದದ ಯಜಮಾನರ ಸಹಿ ಇಲ್ಲಿತ್ತು.”

ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. “ಆ ಚೂರು ಸಿಕ್ಕಿತಾ?”

“ಇಲ್ಲ.”

“ಹುಡುಕಿ ಮೇಡಂ. ಹುಡುಕಲೇಬೇಕು,” ಎಂದರು ಬಹಳ ನಿಧಾನವಾಗಿ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಕೇಳಿಸಿಕೊಂಡು ಎದ್ದರು. “ಮೇಷ್ಟ್ರು ಕಣ್ಣು ಬಿಟ್ರಂತೆ! ನಾನು ಹೋಗಿ ನೋಡ್ಕೊಂಡು ಬರ್ತೀನಿ. ಅಲ್ಲೀತನಕ ಯಾರೂ ಆ ಕಡೆ ಬರಬೇಡಿ, ಅವರಿಗೆ ಆಯಾಸ ಆಗಬಾರದು.”

ಅಷ್ಟರಲ್ಲಿ ಪ್ಯೂನ್ ಸಮಿತಿಯ ಮುಂದೆ ನಿಲ್ಲಿಸಲು ಹುಡುಗಿಯನ್ನು ಬಾಗಿಲಿಗೆ ಕರೆತಂದಿದ್ದ. ಡಾಕ್ಟರ್ ಅವಳ ತಲೆ ಸವರಿ, ಸುದ್ದಿ ಹೇಳಿ ಹೊರಟರು. ಮೂರು ದಿನ ಒಂದು ಹನಿ ಕಣ್ಣೀರು ಹಾಕದವಳು ನಿಂತಲ್ಲೇ ಬಿಕ್ಕಿದಳು. ನನ್ನ ಕಣ್ಣೂ ಮಂಜಾಯಿತು. ಸಂತೋಷವೇ ಆಗಿತ್ತು, ಯಾಕೆ ಸುಳ್ಳು ಹೇಳಲಿ?

ಸಂತೋಷ ನನ್ನ ನಾಲಿಗೆಯ ಕಟ್ಟು ಬಿಚ್ಚಿತು. ಪ್ರಿನ್ಸಿಪಾಲರ ಕಡೆ ತಿರುಗಿದೆ.

“ನಿಮ್ಮ ಜೇಬಿನ ಪೆನ್ನು ಕೊಡಿ.”

“ಏನು?”

“ಶಾಯಿ ಪೆನ್ನು. ಈಗಿನ ಕಾಲದಲ್ಲಿ ಅದನ್ನ ಬಳಸೋರು ಎಷ್ಟು ಜನ?”

ಅವರು ಪೆನ್ನನ್ನು ಮೇಜಿನ ಮೇಲೆ ಎಸೆದರು. ಬರೆದು ನೋಡಿದೆ. ಕಡುನೀಲಿ.

“ನೂರಕ್ಕೆ ನೂರು ಯಾರ ಕಿರೀಟ ಸರ್? ಮೇಷ್ಟ್ರು ಮಂಡಳಿಗೆ ಹೋಗಿದ್ರೆ ಮೊದಲು ಹೋಗ್ತಿದ್ದ ಕುರ್ಚಿ ಯಾರದು? ಆ ಹದಿನೇಳು ಮಕ್ಕಳ ಟಿ.ಸಿ.ಗೆ ಸಹಿ ಹಾಕಿದ ಕೈ ಯಾವುದು?”

“ಹೊರಗೆ ನಡೀರಿ.”

“ಇದು ನಿಮ್ಮ ವಾದ. ಮೇಷ್ಟ್ರು ತಮ್ಮ ಪದ್ಧತಿಯಂತೆ ನಿಮ್ಮ ಮುಂದೇನೇ ಹಾಳೆ ಹಿಡಿದ್ರು. ನೀವು ಹೆಮ್ಮೆಯಿಂದ ಸಹಿ ಹಾಕಿದ್ರಿ. ಆಮೇಲೆ—”

ಪ್ರಿನ್ಸಿಪಾಲರು ಮೇಜು ಗುದ್ದಿ ಎದ್ದರು. ಪೇಪರ್‌ವೇಟು ಉರುಳಿ ನೆಲಕ್ಕೆ ಬಿತ್ತು.

“ಹೌದು, ಸಹಿ ಹಾಕಿದ್ದೀನಿ! ಹದಿನೇಳು ಟಿ.ಸಿ.ಗೂ ಹಾಕಿದ್ದೀನಿ. ಆ ಮೇಷ್ಟ್ರನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ, ಇವತ್ತೂ ಆಗಲ್ಲ. ಹದಿನಾರು ವರ್ಷದ ಮಕ್ಕಳಿಗೆ ಯಾಕೆ ಅಂತ ಕೇಳೋಕೆ ಕಲಿಸಿದ್ರೆ ಶಾಲೆ ನಡೆಸೋದು ಹೇಗ್ರೀ? ಆದ್ರೆ ಈ ಹಾಳೆ ಮೇಲೆ ನನ್ನ ಸಹಿ ಇರಲಿಲ್ಲ. ಈ ಪೆನ್ನು, ಈ ಶಾಯಿ ಡಾಕ್ಟರ್ ಕೊಟ್ಟಿದ್ದು. ಶಾಲೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಆರು ಜನಕ್ಕೆ ಕೊಟ್ರು. ಆರೂ ಜನರನ್ನ ಹಿಡೀತೀರಾ? ನಿನ್ನೆ ಇವಳೇ ಅಂದ್ರಿ. ಇವತ್ತು ನಾನು. ನಾಳೆ ಯಾರು?”

ಮುಖಕ್ಕೆ ಹೊಡೆದ ಹಾಗಿತ್ತು. ನಿನ್ನೆ ಮಾಡಿದ ತಪ್ಪನ್ನೇ ಇವತ್ತು ಮತ್ತೆ ಮಾಡಿದ್ದೆ, ಆಧಾರವಿಲ್ಲದೆ ಹಾರಿದ್ದೆ. ಹುಡುಗಿ ನನ್ನನ್ನು ನೋಡುತ್ತಿದ್ದಳು. ಅಂಕ ಕೊಡುವ ನೋಟ.

ಗಲಾಟೆ ಕೇಳಿ ತಾಯಿ ಪ್ಯೂನನ್ನು ತಳ್ಳಿಕೊಂಡೇ ಒಳಗೆ ಬಂದಳು. “ಯಾರ ಮೇಲೆ ಕೂಗಾಡ್ತಿದ್ದೀರಿ? ನನ್ನ ಮಗಳ ಮೇಲಾ?” ಎಂದವಳ ಕಣ್ಣು ಮೇಜಿನ ಮೇಲೆ ಬಿತ್ತು.

“ಅಮ್ಮ, ಹೊರಗೆ ಹೋಗು!” ಹುಡುಗಿ ಕಿರುಚಿದಳು.

ತಾಯಿ ಹಾಳೆಯನ್ನು ಕೈಗೆತ್ತಿಕೊಂಡಳು. ಎರಡು ಸಾಲು ಓದುವಷ್ಟರಲ್ಲಿ ಅವಳ ಬಾಯಿ ತೆರೆದುಕೊಂಡಿತು.

“ಇದಾ? ಮೂರು ದಿನದಿಂದ ನೀವು ಬೀಗ ಹಾಕಿಟ್ಟಿದ್ದು ಇದಾ? ಅಯ್ಯೋ, ಇದು ನನ್ನ ಮಾತಲ್ಲ!”

“ನಿಮ್ಮ ಮಾತಲ್ಲ ಅಂದ್ರೆ?” ಪ್ರಿನ್ಸಿಪಾಲರು ಕೇಳಿದರು.

“ನನ್ನ ಮಾತೇ ಅಲ್ವೇನ್ರೀ ಇದು ಅಂತಿದ್ದೀನಿ! ನಾನು ಮಿಷಿನ್ ತುಳೀತಾ ಇವಳ ಜೊತೆ ಜಗಳ ಆಡಿದ್ದು. ಮೇಷ್ಟ್ರು ಹೋಗಿ ಹೇಳಿಬಿಟ್ರೆ ನಿನ್ನ ವರ್ಷ ಹೋಗುತ್ತಲ್ಲೇ ಅಂದೆ. ಇವಳು ಅದನ್ನೇ ಚೆಂದ ಮಾಡಿ ಬರ್ಕೊಂಡ್ಳು. ಮಂಗಳವಾರ ಬಟ್ಟೆ ಕೊಡೋಕೆ ಬಂದಾಗ ವರಾಂಡದಲ್ಲಿ ಮೇಷ್ಟ್ರೇ ಸೈನ್ ಹಾಕಿಸ್ಕೊಂಡ್ರು. ‘ನಿಮ್ಮ ವಾದ ಗಟ್ಟಿಯಾಗಿದೆ ತಾಯಿ, ಆದ್ರೂ ನಾಳೆ ಹೋಗ್ತೀನಿ’ ಅಂತ ನಕ್ಕರು. ಕೆಳಗಿನದು ಎಲ್ಲಿ? ಯಾರು ಕತ್ತರಿಸಿದ್ದು?”

ತಾಯಿಯ ಬೆರಳು ಕತ್ತರಿಸಿದ ಅಂಚಿನ ಮೇಲೆ ಹರಿದಾಡಿತು. ಸಣ್ಣ ಸಣ್ಣ ಕಚ್ಚುಗಳು. ದಾರ ಕತ್ತರಿಸುವ ಪುಟ್ಟ ಕತ್ತರಿಯ ಗುರುತು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೆಲ್ಲಗೆ ಮಗಳ ಕಡೆ ತಿರುಗಿದಳು.

“ನೀನಾ?”

“ಮೇಷ್ಟ್ರು ಬಿದ್ದ ಕಡೆ ನಾನೇ ಮೊದಲು ಹೋದದ್ದು,” ಹುಡುಗಿಯ ಧ್ವನಿ ಒಡೆದಿತ್ತು. “ಹಾಳೆ ಅವರ ಕೈ ಹತ್ರ ಇತ್ತು. ಕೆಳಗೆ ನಿನ್ನ ಸೈನು. ‘ತಡೆಯಬೇಕು’ ಅಂತ ಮೇಲಿದೆ. ನಿನ್ನನ್ನ ಹಿಡ್ಕೊಂಡು ಹೋಗ್ತಾರೆ ಅನ್ನಿಸ್ತು.”

“ಅನ್ನಿಸ್ತಾ? ಅಥವಾ ನಾನೇ ತಳ್ಳಿದೆ ಅನ್ನಿಸ್ತಾ?”

ಹುಡುಗಿ ತಲೆ ತಗ್ಗಿಸಿದಳು. ತಾಯಿಯ ಮುಖ ನೋಡಲಾಗಲಿಲ್ಲ ನನಗೆ. ಮಗಳು ಅಮ್ಮನಿಗಾಗಿ ತನ್ನ ಬದುಕನ್ನೇ ಕೊಡಲು ಹೊರಟಿದ್ದಳು. ಅದರ ಜೊತೆಗೆ ಮೂರು ದಿನ ಮೇಷ್ಟ್ರನ್ನು ತಳ್ಳಿದವಳು ಅಮ್ಮನೇ ಎಂದೂ ನಂಬಿದ್ದಳು. ಎರಡನ್ನೂ ಒಂದೇ ಗಳಿಗೆಯಲ್ಲಿ ತಿಳಿಯುವುದು ಯಾವ ತಾಯಿಗೂ ಬರಬಾರದು.

“ಪೂರ್ತಿ ಹರಿದು ಬಿಸಾಕಬಹುದಿತ್ತಲ್ಲೇ, ಪೆದ್ದಿ!” ಎಂದಳು ಕೊನೆಗೆ.

“ಹರೀಬಾರದು ಅಮ್ಮ. ಬರೆದ ವಾದ ಹರೀಬಾರದು.”

ಪ್ರಿನ್ಸಿಪಾಲರ ಕೈ ಫೋನಿನ ಮೇಲೆ ಹೋಗಿತ್ತು. “ಸರಿ ಹಾಗಾದ್ರೆ. ಮಗಳಲ್ಲ, ತಾಯಿ. ಪೊಲೀಸರಿಗೆ ಹೇಳ್ತೀನಿ.”

“ಹೇಳಿ. ನನಗೇನು ಭಯ?” ತಾಯಿ ಸೊಂಟಕ್ಕೆ ಕೈಯಿಟ್ಟಳು. “ಸೈನ್ ಹಾಕಿ ಎರಡು ಗಂಟೆಗೇ ಅಂಗಡಿಗೆ ಹೋದೆ. ನನ್ನನ್ನ ಹಿಡಿಯೋ ಹಾಗಿದ್ರೆ ಇನ್ನೊಬ್ಬರನ್ನೂ ಹಿಡೀರಿ. ನಾನು ಹಾಕೋ ಮುಂಚೆನೇ ಅಲ್ಲೊಂದು ಸೈನ್ ಇತ್ತು.”

ಪ್ರಿನ್ಸಿಪಾಲರು ಫೋನಿನಿಂದ ಕೈ ತೆಗೆದರು.

“ಯಾರದು?” ಎಂದೆ.

“ನನಗೇನು ಗೊತ್ತು? ಓದೋಕೆ ಬರೋ ಹಾಗಿರಲಿಲ್ಲ. ‘ಬೆಳಿಗ್ಗೆ ಇನ್ನೊಬ್ಬರೂ ಇದೇ ವಾದ ಮಾಡಿದ್ರು, ಅವರ ಕೈಲೂ ಹಾಕಿಸಿದೆ’ ಅಂದ್ರು ಮೇಷ್ಟ್ರು. ನಾನು ಅದರ ಕೆಳಗೆ ಹಾಕಿದೆ.”

ಹೌದು, ಅಂಚಿಗೆ ಉಳಿದ ಆ ಕಡುನೀಲಿ ಚುಕ್ಕೆ ಮೇಲಿನ ಸಹಿಯದು. ತಾಯಿಯ ಬಳಿ ಶಾಯಿ ಪೆನ್ನು ಎಲ್ಲಿಂದ ಬರಬೇಕು?

ಹುಡುಗಿಯ ಹತ್ತಿರ ಹೋದೆ. “ವಾದ ಹರೀಬಾರದು ಅಂದೆ. ಹಾಗಾದ್ರೆ ಸಹಿಯ ಚೂರನ್ನೂ ಹರಿದಿಲ್ಲ ನೀನು. ಎಲ್ಲಿದೆ?”

ಅವಳ ಕೈ ಮತ್ತೆ ಸ್ಕರ್ಟಿನ ಅಂಚಿಗೆ ಹೋಯಿತು. ಆ ಕೈಯನ್ನು ತಾಯಿ ನೋಡಿದಳು. ಬಗ್ಗಿದಳು.

“ನೀಲಿ ಬಟ್ಟೆಗೆ ಕರೀ ದಾರ. ಈ ದರಿದ್ರ ಹೊಲಿಗೆ ನಂದಲ್ಲ,” ಎಂದು ಮಂಡಿಯೂರಿ ಕೂತಳು. ಜೇಬಿನಿಂದ ಪುಟ್ಟ ಕತ್ತರಿ ತೆಗೆದು ಆರು ಹೊಲಿಗೆ ಬಿಚ್ಚಿದಳು. ಮಡಿಚಿದ ಕಾಗದದ ಪಟ್ಟಿ ಅವಳ ಅಂಗೈಗೆ ಬಿತ್ತು.

ಬಿಡಿಸಿದೆ. ಕೆಳಗೆ ಬಾಲ್‌ಪೆನ್ನಿನ ಸಹಿ, ಬಿಡಿಬಿಡಿ ಅಕ್ಷರ, ತಾಯಿಯದು. ಅದರ ಮೇಲೆ ಕಡುನೀಲಿ ಶಾಯಿಯಲ್ಲಿ ‘ಹೌದು, ನನ್ನ ಮಾತು ಇದೇ’. ಪಕ್ಕದಲ್ಲಿ ಸ್ಪ್ರಿಂಗಿನ ಹಾಗೆ ಸುತ್ತಿ ಸುತ್ತಿ ಹೋದ ಗೆರೆ.

ಆ ಗೆರೆಗೆ ನನಗೆ ಭೂತಗನ್ನಡಿ ಬೇಕಾಗಲಿಲ್ಲ. ಕೈಚೀಲದಿಂದ ನನ್ನ ನೇಮಕದ ಪತ್ರ ತೆಗೆದು ಪಕ್ಕದಲ್ಲಿಟ್ಟೆ. ಅದರ ಕೆಳಗೂ ಅದೇ ಸುರುಳಿ, ಏಳು ಸುತ್ತು, ಕೊನೆಯಲ್ಲಿ ಅದೇ ಕೊಕ್ಕೆ. ಇಬ್ಬರ ಅಕ್ಷರವಲ್ಲ, ಒಬ್ಬರದೇ. ಈ ಸಲ ಬೇಕಾದರೆ ಹತ್ತು ವರದಿ ಬರೆದುಕೊಡುತ್ತೇನೆ.

“ಡಾಕ್ಟರ್,” ಎಂದರು ಪ್ರಿನ್ಸಿಪಾಲರು. ಅವರ ಇಸ್ತ್ರಿ ಮುಖ ಮೊದಲ ಸಲ ಮುದುಡಿತ್ತು.

“ಮೇಡಂ, ಇದರಿಂದ ಅವರೇ ತಳ್ಳಿದರು ಅಂತ ಸಿದ್ಧ ಆಗಲ್ಲ,” ಹುಡುಗಿ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಆ ಸ್ಥಿತಿಯಲ್ಲೂ!

“ಆಗಲ್ಲ ಮಗೂ. ಆದ್ರೆ ಮೂರು ದಿನ ಈ ಹಾಳೆ ಅವರ ಕಣ್ಣ ಮುಂದೇ ಇತ್ತು. ನಿನ್ನನ್ನ ಹೊರಗೆ ಹಾಕೋಕೆ ಸಭೆ ಕರೆದವರು ಅವರು. ಇದರ ಕೆಳಗೆ ನಾನು ಸಹಿ ಹಾಕಿದ್ದೆ ಅಂತ ಒಂದು ಮಾತು ಹೇಳಲಿಲ್ಲ. ಇದು ನಿಜವಾದರೆ, ಇನ್ನೇನು ನಿಜವಾಗಬೇಕು?”

ಉತ್ತರ ಅವಳ ಮುಖದಲ್ಲೇ ಮೂಡಿತು. “ಮೇಷ್ಟ್ರು!” ಎಂದಳು.

ಪ್ರಿನ್ಸಿಪಾಲರು ಆಗಲೇ ಆಸ್ಪತ್ರೆಯ ನಂಬರು ಒತ್ತಿ ಸ್ಪೀಕರಿಗೆ ಹಾಕಿದ್ದರು. ನಾಲ್ಕು ಸಲ ರಿಂಗಾಯಿತು. ಎತ್ತಿದ್ದು ನರ್ಸ್.

“ಡಾಕ್ಟರ್ ಬಂದ್ರಾ?”

“ಬಂದು ಹತ್ತು ನಿಮಿಷ ಆಯ್ತು ಸರ್. ಮೇಷ್ಟ್ರ ಕೋಣೇಲಿದ್ದಾರೆ.”

“ಒಳಗೆ ಹೋಗಮ್ಮ, ಈಗಲೇ ಹೋಗು!”

“ಆಗಲ್ಲ ಸರ್. ನಮ್ಮನ್ನೆಲ್ಲ ಹೊರಗೆ ಕಳಿಸಿ, ಅವರೇ ಒಳಗಿಂದ ಚಿಲಕ ಹಾಕ್ಕೊಂಡಿದ್ದಾರೆ.”